ವಿದೇಶಿ ವಿನಿಮಯ ವಿದ್ಯಾರ್ಥಿಗೆ ಮನೆಯಲ್ಲಿ ಜಾಗ: ಆತಿಥೇಯ ಕುಟುಂಬಗಳಿಗೆ ಮಾರ್ಗದರ್ಶಿ

ಮನೆಗೆ ಬಂದ ನೆಂಟರಿಗೆ ಮೂರು ದಿನ ಮಾಡುವ ಉಪಚಾರವನ್ನು ಹತ್ತು ತಿಂಗಳು ಮಾಡಲು ಆಗುವುದಿಲ್ಲ, ಮಾಡಲೂಬಾರದು. ವಿನಿಮಯ ಕಾರ್ಯಕ್ರಮದಲ್ಲಿ ಹೊರದೇಶದಿಂದ ಬರುವ ಹದಿನಾರು ಹದಿನೇಳರ ಹುಡುಗ ಅಥವಾ ಹುಡುಗಿಯನ್ನು ಮನೆಯಲ್ಲಿರಿಸಿಕೊಳ್ಳಲು ಯೋಚಿಸುತ್ತಿರುವವರಿಗೆ ನಾನು ಮೊದಲು ಹೇಳುವ ಮಾತು ಇದು. ಮೈಸೂರಿನ ನಮ್ಮ ಮನೆಯಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಜರ್ಮನಿಯ ಒಬ್ಬ ಹುಡುಗಿ ಮತ್ತು ಬ್ರೆಜಿಲಿನ ಒಬ್ಬ ಹುಡುಗ ಇದ್ದು ಹೋಗಿದ್ದಾರೆ. ಮೊದಲ ಸಲ ನಾವು ಮಾಡಿದ ತಪ್ಪುಗಳೆಲ್ಲ ಅತಿಯಾದ ಪ್ರೀತಿಯಿಂದ ಆದವು. ತಟ್ಟೆಯನ್ನು ತೊಳೆಯಲು ಬಿಡಲಿಲ್ಲ, ಒಬ್ಬಳೇ ಅಂಗಡಿಗೆ ಹೋಗಲು ಬಿಡಲಿಲ್ಲ, ಬೇಡವೆಂದಾಗಲೂ ಬಡಿಸಿದೆವು. ಎರಡು ತಿಂಗಳ ಮೇಲೆ ಆ ಹುಡುಗಿ, ಈ ಮನೆಯಲ್ಲಿ ತನಗೆ ಮಾಡಲು ಏನೂ ಇಲ್ಲವೆಂದು ಅತ್ತಳು.

ಶಾಲಾ ವಯಸ್ಸಿನ ಮಕ್ಕಳ ವಿನಿಮಯಕ್ಕೆ ನಮ್ಮಲ್ಲಿ ಹೆಚ್ಚು ಪರಿಚಿತವಾಗಿರುವ ಸಂಸ್ಥೆಗಳು ಎರಡು: ರೋಟರಿ ಯೂತ್ ಎಕ್ಸ್‌ಚೇಂಜ್ ಮತ್ತು ಎಎಫ್‌ಎಸ್. ಎಎಫ್‌ಎಸ್ ಮೂಲದಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಸ್ವಯಂಸೇವಕರ ಆಂಬುಲೆನ್ಸ್ ಪಡೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರ ಹೊತ್ತಿಗೆ, ಅದೇ ಸಂಘಟನೆ ಪ್ರೌಢಶಾಲಾ ಮಕ್ಕಳ ವಿನಿಮಯವನ್ನು ಆರಂಭಿಸಿತು. ಯುದ್ಧ ಕಂಡವರು ಮಕ್ಕಳನ್ನು ಹಾಸ್ಟೆಲುಗಳಲ್ಲಿರಿಸದೆ ಕುಟುಂಬಗಳಲ್ಲಿರಿಸಿದ್ದನ್ನು ಗಮನಿಸಬೇಕು. ರೋಟರಿಯ ದೀರ್ಘಾವಧಿ ವಿನಿಮಯ ಒಂದು ಶೈಕ್ಷಣಿಕ ವರ್ಷದ್ದಾಗಿದ್ದು, ಸಾಮಾನ್ಯವಾಗಿ ವಿದ್ಯಾರ್ಥಿ ಆ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳಲ್ಲಿ ಇರುತ್ತಾನೆ. ಆದುದರಿಂದ ವರ್ಷಪೂರ್ತಿ ಸಾಧ್ಯವಿಲ್ಲದವರೂ ಮೂರು ನಾಲ್ಕು ತಿಂಗಳ ಮಟ್ಟಿಗೆ ಒಪ್ಪಿಕೊಳ್ಳಬಹುದು. ಎರಡರಲ್ಲಿಯೂ ಆತಿಥೇಯ ಕುಟುಂಬಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಬಾಡಿಗೆ ಕೋಣೆಯ ಲೆಕ್ಕಾಚಾರದಲ್ಲಿರುವವರಿಗೆ ಇದು ಹೊಂದುವುದಿಲ್ಲ.

ಒಪ್ಪಿಕೊಳ್ಳುವ ಮೊದಲು

ನಿರ್ಧಾರವನ್ನು ಗಂಡ ಹೆಂಡತಿ ಇಬ್ಬರೇ ಕುಳಿತು ಮಾಡಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ, ಮಕ್ಕಳಿದ್ದರೆ ಮಕ್ಕಳನ್ನೂ ಕೂರಿಸಿಕೊಂಡು ಮಾತನಾಡಬೇಕು, ಏಕೆಂದರೆ ಹಗಲು ಹೊತ್ತಿನಲ್ಲಿ ಆ ವಿದ್ಯಾರ್ಥಿಯ ಜೊತೆಗಿರುವವರು ಬಹುಪಾಲು ಅವರೇ. ನಿಮ್ಮ ಮನೆಯಲ್ಲಿ ಬದಲಾಯಿಸಲು ಸಾಧ್ಯವಿಲ್ಲದ ರೂಢಿಗಳು ಯಾವುವು ಎಂಬುದನ್ನು ಈ ಹಂತದಲ್ಲಿಯೇ ಬರೆದಿಟ್ಟುಕೊಳ್ಳಿ: ಮಾಂಸ ಮೊಟ್ಟೆ ಒಳಗೆ ಬರಬಾರದೇ, ಸ್ನಾನವಾಗದೆ ಅಡುಗೆಮನೆಗೆ ಕಾಲಿಡಬಾರದೇ, ದೇವರಮನೆಯ ಒಳಗೆ ಯಾರು ಹೋಗಬಹುದು, ರಾತ್ರಿ ಎಷ್ಟು ಗಂಟೆಗೆ ಬಾಗಿಲು ಹಾಕುತ್ತೀರಿ. ಇವುಗಳನ್ನು ಸಂಸ್ಥೆಯ ಅರ್ಜಿಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದರೆ ಹೊಂದಿಕೆಯಾಗಬಲ್ಲ ವಿದ್ಯಾರ್ಥಿಯನ್ನೇ ಆರಿಸಿ ಕಳುಹಿಸುತ್ತಾರೆ. ಸಸ್ಯಾಹಾರದ ವಿಷಯದಲ್ಲಿ ‘ಬಂದ ಮೇಲೆ ಹೇಗೋ ಆಗುತ್ತದೆ’ ಎಂದು ಬಿಡುವುದು ಇಬ್ಬರಿಗೂ ಅನ್ಯಾಯ.

ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಮುಟ್ಟಿನ ದಿನಗಳಲ್ಲಿ ಹೆಂಗಸರು ಹೊರಗೆ ಕೂರುವ ಪದ್ಧತಿ ನಿಮ್ಮ ಮನೆಯಲ್ಲಿ ಇನ್ನೂ ಇದ್ದು, ಅದನ್ನು ಬಂದ ಹುಡುಗಿಯೂ ಪಾಲಿಸಬೇಕೆಂಬ ನಿರೀಕ್ಷೆ ಹಿರಿಯರಲ್ಲಿದ್ದರೆ, ಹುಡುಗಿಯನ್ನು ಕರೆಸಿಕೊಳ್ಳಬೇಡಿ. ದೇವರಮನೆಗೆ ಆ ದಿನಗಳಲ್ಲಿ ಹೋಗದಿರಲು ಕೇಳಿಕೊಂಡರೆ ಬಹುತೇಕ ಹುಡುಗಿಯರು ಒಪ್ಪುತ್ತಾರೆ. ಬೇರೆ ತಟ್ಟೆ, ಬೇರೆ ಚಾಪೆ ಎಂದರೆ ಅದು ಅವಳಿಗೆ ಅವಮಾನವಾಗಿಯೇ ಉಳಿಯುತ್ತದೆ, ಎಷ್ಟು ವಿವರಿಸಿದರೂ ಅಷ್ಟೆ.

ಸಂಸ್ಥೆಯವರು ಮನೆಗೆ ಬಂದು ನೋಡುತ್ತಾರೆ, ಮನೆಯ ವಯಸ್ಕರ ಪೂರ್ವಾಪರವನ್ನು ಪರಿಶೀಲಿಸುತ್ತಾರೆ. ಹೇಳದೆ ಬರುವುದೂ ಉಂಟು. ಇದನ್ನು ಅನುಮಾನವೆಂದು ತಿಳಿದು ಬೇಸರಪಟ್ಟುಕೊಳ್ಳುವವರನ್ನು ಕಂಡಿದ್ದೇನೆ. ನಮ್ಮ ಮಗಳನ್ನು ಹತ್ತು ತಿಂಗಳು ಗೊತ್ತಿಲ್ಲದವರ ಮನೆಗೆ ಕಳುಹಿಸುವುದಾದರೆ ನಾವು ಕೇಳುವ ಪ್ರಶ್ನೆಗಳು ಇದಕ್ಕಿಂತ ಕಡಿಮೆಯೇನೂ ಇರುವುದಿಲ್ಲ.

ಕಾಗದಪತ್ರ

ವಿದೇಶಿಯರೊಬ್ಬರು ನಿಮ್ಮ ಮನೆಯಲ್ಲಿ ತಂಗಿದರೆ, ಅವರು ಬಂದ 24 ಗಂಟೆಯೊಳಗೆ ಆ ವಿಷಯವನ್ನು ಸರ್ಕಾರಕ್ಕೆ ತಿಳಿಸುವುದು ಮನೆಯವರ ಕಾನೂನುಬದ್ಧ ಹೊಣೆ. ಇದು ಹೋಟೆಲುಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ‘ಸಿ ಫಾರಂ’ ಎಂದು ರೂಢಿಯಲ್ಲಿರುವ ಈ ಮಾಹಿತಿಯನ್ನು ವಲಸೆ ಇಲಾಖೆಯ ಜಾಲತಾಣದಲ್ಲಿ ತುಂಬಬೇಕು. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವುದರಿಂದ, ಹಳೆಯ ನಮೂನೆಯ ಹೆಸರು ಸಂಖ್ಯೆಗಳನ್ನು ನೆಚ್ಚಿಕೊಳ್ಳದೆ ಜಾಲತಾಣದಲ್ಲಿ ಆ ಹೊತ್ತಿಗೆ ಇರುವುದನ್ನೇ ಅನುಸರಿಸಿ. ಮುಖ್ಯವಾದ ಸಲಹೆಯೆಂದರೆ, ಫಾರಂ ತುಂಬಲು ಮನೆಯ ಯಜಮಾನರ ಹೆಸರಿನಲ್ಲಿ ಮೊದಲು ಖಾತೆ ತೆರೆಯಬೇಕು ಮತ್ತು ಆ ಖಾತೆಗೆ ಒಪ್ಪಿಗೆ ಸಿಗಲು ಸಮಯ ಬೇಕು. ಆದುದರಿಂದ ವಿಮಾನ ಇಳಿದ ರಾತ್ರಿ ಇದನ್ನು ಆರಂಭಿಸಿದರೆ 24 ಗಂಟೆ ಸಾಲುವುದಿಲ್ಲ. ಮೂರು ನಾಲ್ಕು ವಾರ ಮುಂಚೆಯೇ ಖಾತೆ ತೆರೆದಿಟ್ಟುಕೊಳ್ಳಿ.

ಇದಲ್ಲದೆ, 180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಭಾರತಕ್ಕೆ ಬಂದ 14 ದಿನಗಳೊಳಗೆ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಅರ್ಜಿ ಈಗ ಆನ್‌ಲೈನಿನಲ್ಲಿಯೇ ನಡೆಯುತ್ತದೆ. ಶಾಲೆಯ ಅಥವಾ ಕಾಲೇಜಿನ ಪತ್ರ ಮತ್ತು ನಿಮ್ಮ ವಿಳಾಸದ ದಾಖಲೆಯನ್ನು ಕೇಳುವುದರಿಂದ ವಿದ್ಯುತ್ ಬಿಲ್ಲಿನ ಪ್ರತಿ, ಆಧಾರ್ ಪ್ರತಿಗಳನ್ನು ಮೊದಲೇ ಸ್ಕ್ಯಾನ್ ಮಾಡಿಸಿಡುವುದು ಒಳ್ಳೆಯದು. ವಿದ್ಯಾರ್ಥಿ ಇನ್ನೊಂದು ಕುಟುಂಬಕ್ಕೆ ಸ್ಥಳಾಂತರಗೊಂಡರೆ ಹೊಸ ಮನೆಯವರು ಮತ್ತೆ ಮಾಹಿತಿ ನೀಡಬೇಕು, ನೋಂದಣಿಯಲ್ಲಿಯೂ ವಿಳಾಸ ಬದಲಾಗಬೇಕು.

ಪಾಸ್‌ಪೋರ್ಟು, ವೀಸಾ, ವಿಮೆ ಈ ಮೂರರ ಪ್ರತಿಗಳು ನಿಮ್ಮ ಬಳಿ ಇರಲಿ. ಮೂಲ ಪಾಸ್‌ಪೋರ್ಟನ್ನು ‘ಜೋಪಾನ’ವೆಂದು ನಿಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಅದು ವಿದ್ಯಾರ್ಥಿಯ ಕೈಗೆ ಯಾವಾಗಲೂ ಸಿಗುವಂತಿರಬೇಕು. ತುರ್ತು ಸಂದರ್ಭದಲ್ಲಿ ಚಿಕಿತ್ಸೆ ಕೊಡಿಸಲು ಹೆತ್ತವರು ಸಹಿ ಮಾಡಿದ ಒಪ್ಪಿಗೆ ಪತ್ರವೂ ಕೈಯಲ್ಲಿರಲಿ, ಏಕೆಂದರೆ ಹದಿನೆಂಟು ತುಂಬದವರ ಚಿಕಿತ್ಸೆಗೆ ಆಸ್ಪತ್ರೆಯವರು ಪೋಷಕರ ಸಹಿ ಕೇಳುತ್ತಾರೆ.

ಕೋಣೆ ಮತ್ತು ಬಚ್ಚಲು

ಪ್ರತ್ಯೇಕ ಕೋಣೆ ಕಡ್ಡಾಯವಲ್ಲ, ಪ್ರತ್ಯೇಕ ಹಾಸಿಗೆ ಕಡ್ಡಾಯ. ಹೆಚ್ಚುಕಡಿಮೆ ಅದೇ ವಯಸ್ಸಿನ, ಅದೇ ಲಿಂಗದ ನಿಮ್ಮ ಮಗುವಿನೊಡನೆ ಕೋಣೆ ಹಂಚಿಕೊಳ್ಳಬಹುದು. ಬೀರುವಿನಲ್ಲಿ ಒಂದೆರಡು ಖಾನೆ, ಓದಲು ಮೇಜು, ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಬಾಗಿಲು ಇಷ್ಟಿದ್ದರೆ ಸಾಕು. ಹೊಸ ಪರದೆ, ಹೊಸ ಸೋಫಾ ಬೇಕಿಲ್ಲ. ಸೊಳ್ಳೆಪರದೆ ಮಾತ್ರ ಬೇಕೇ ಬೇಕು. ಮುಂಗಾರಿನಲ್ಲಿ ಬರುವ ಮಕ್ಕಳಿಗೆ ಡೆಂಗಿಯ ಅಪಾಯವನ್ನು ವಿವರಿಸಿ, ಹಗಲಿನಲ್ಲಿ ಕಚ್ಚುವ ಸೊಳ್ಳೆಯ ವಿಷಯವನ್ನೂ ಹೇಳಿ. ನಮ್ಮ ವಿದ್ಯುತ್ 230 ವೋಲ್ಟಿನದು. ಅಮೆರಿಕ, ಜಪಾನುಗಳಿಂದ ತಂದ ಕೂದಲೊಣಗಿಸುವ ಯಂತ್ರವನ್ನು ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಬಚ್ಚಲಿನ ವಿಷಯವನ್ನು ಮೊದಲ ದಿನವೇ, ಬಾಯಿಮಾತಿನಲ್ಲಲ್ಲದೆ ಕೈಯಾರೆ ತೋರಿಸಿ ಹೇಳಬೇಕು. ಬಕೆಟ್ ಮತ್ತು ಚೊಂಬಿನಲ್ಲಿ ಸ್ನಾನ ಮಾಡುವುದು ಹೇಗೆ, ಗೀಸರ್ ಎಷ್ಟು ಹೊತ್ತು ಮೊದಲು ಹಾಕಬೇಕು, ನಲ್ಲಿಯಲ್ಲಿ ಕಾರ್ಪೊರೇಷನ್ ನೀರು ಯಾವ ಹೊತ್ತಿಗೆ ಬರುತ್ತದೆ, ಶೌಚಾಲಯದಲ್ಲಿ ಕಾಗದ ಹಾಕಿದರೆ ಪೈಪು ಕಟ್ಟಿಕೊಳ್ಳುವುದೇ ಇಲ್ಲವೇ ಎಂಬುದನ್ನೆಲ್ಲ ಕೇಳಲು ಹದಿಹರೆಯದವರಿಗೆ ನಾಚಿಕೆಯಾಗುತ್ತದೆ. ಮುಚ್ಚಳವಿರುವ ಕಸದ ಬುಟ್ಟಿಯೊಂದನ್ನು ಬಚ್ಚಲಿನಲ್ಲಿಯೇ ಇಡಿ. ಹುಡುಗಿಯಾದರೆ ಪ್ಯಾಡುಗಳನ್ನು ಹೇಗೆ ಸುತ್ತಿ ಎಲ್ಲಿ ಹಾಕಬೇಕೆಂದು ಮನೆಯ ಹೆಂಗಸರೊಬ್ಬರು ಹೇಳಲಿ.

ಮೊದಲ ವಾರ

ಬಂದ ಮೊದಲ ಎರಡು ದಿನ ನಿದ್ದೆಗೆ ಬಿಡಿ. ಜರ್ಮನಿಗೂ ನಮಗೂ ಋತುವಿಗೆ ತಕ್ಕಂತೆ ಮೂರೂವರೆ ಅಥವಾ ನಾಲ್ಕೂವರೆ ಗಂಟೆಯ ವ್ಯತ್ಯಾಸ. ಬ್ರೆಜಿಲಿನ ಸಾವೊ ಪಾಲೊ ನಮಗಿಂತ ಎಂಟೂವರೆ ಗಂಟೆ ಹಿಂದಿದೆ. ಹಗಲು ಮಂಕಾಗಿ, ರಾತ್ರಿ ಕಣ್ಣುಬಿಟ್ಟುಕೊಂಡು ಕುಳಿತಿರುವ ಹುಡುಗನಿಗೆ ಮೊದಲ ಸಂಜೆಯೇ ನೆಂಟರಿಷ್ಟರನ್ನೆಲ್ಲ ಕರೆದು ಪರಿಚಯ ಮಾಡಿಸುವುದು ಹಿಂಸೆ. ಅರಮನೆ, ಚಾಮುಂಡಿ ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ.

ನಾಲ್ಕನೆಯ ಅಥವಾ ಐದನೆಯ ದಿನ ಮನೆಯವರೆಲ್ಲ ಒಟ್ಟಿಗೆ ಕುಳಿತು ಒಂದು ಗಂಟೆ ಮಾತನಾಡಿ. ಎದ್ದೇಳುವ ಹೊತ್ತು, ಊಟದ ಹೊತ್ತು, ಬಟ್ಟೆ ಒಗೆಯುವುದು, ವೈಫೈ, ಹೊರಗೆ ಹೋಗುವಾಗ ಯಾರಿಗೆ ಹೇಳಬೇಕು, ಎಷ್ಟು ಗಂಟೆಗೆ ಹಿಂದಿರುಗಬೇಕು, ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೆಲ್ಲ ಆ ಮಾತಿನಲ್ಲಿ ಬರಲಿ. ಇಂಗ್ಲಿಷ್ ಸರಿಯಾಗಿ ಬರದ ವಿದ್ಯಾರ್ಥಿಯಾದರೆ ಬರೆದು ಕೊಡಿ. ಸಂಸ್ಥೆಯ ನಿಯಮಗಳನ್ನೂ ಅದೇ ಕೂಟದಲ್ಲಿ ಓದಿ: ರೋಟರಿಯಲ್ಲಿ ನಾಲ್ಕು ‘ಡಿ’ಗಳೆಂದು (ಡ್ರಗ್ಸ್, ಡ್ರಿಂಕಿಂಗ್, ಡ್ರೈವಿಂಗ್, ಡೇಟಿಂಗ್) ಕರೆಯುವ ಮಾದಕ ವಸ್ತು, ಮದ್ಯ, ವಾಹನ ಚಾಲನೆ ಮತ್ತು ಪ್ರೇಮ ಪ್ರಕರಣಗಳಿಗೆ ಅಲ್ಲಿ ಜಾಗವಿಲ್ಲ. ಜರ್ಮನಿಯಲ್ಲಿ ಹದಿನಾರಕ್ಕೆ ಬಿಯರ್ ಕುಡಿಯಲು ಕಾನೂನಿನ ಅನುಮತಿಯಿದೆ ಎಂಬುದನ್ನು ನೆನಪಿಟ್ಟುಕೊಂಡರೆ, ಆ ಹುಡುಗಿ ಅದರ ಬಗ್ಗೆ ಸಹಜವಾಗಿ ಮಾತನಾಡಿದಾಗ ಗಾಬರಿಯಾಗುವುದಿಲ್ಲ; ಇಲ್ಲಿ ಆಗದು ಎಂದು ಅಷ್ಟೇ ಸಹಜವಾಗಿ ಹೇಳಬಹುದು. ನಿಮ್ಮ ಮಗನ ಸ್ಕೂಟರನ್ನು ‘ನಮ್ಮ ಬೀದಿಯಲ್ಲಿ ಒಂದು ಸುತ್ತು’ ಎಂದೂ ಕೊಡಬೇಡಿ.

ಆಮೇಲೆ ಕೆಲಸ ಹಂಚಿ. ನಮ್ಮ ಮನೆಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಹುರುಳಿಕಾಯಿ ನಾರು ತೆಗೆಯುವುದು, ಅವರೆಕಾಳು ಸುಲಿಯುವುದು, ಒಣಗಿದ ಬಟ್ಟೆ ಮಡಿಸುವುದು, ಹೂಗಿಡಗಳಿಗೆ ನೀರು, ಬೆಳಿಗ್ಗೆ ಹಾಲು ತರುವುದು, ಇವುಗಳಲ್ಲಿ ಎರಡನ್ನು ಅವರದೇ ಎಂದು ಬಿಟ್ಟುಕೊಡಿ, ಅವರು ಮರೆತ ದಿನ ನಿಮ್ಮ ಮಕ್ಕಳಿಗೆ ಕೇಳುವಂತೆಯೇ ಕೇಳಿ. ಚಳಿಗಾಲದ ಮಧ್ಯಾಹ್ನ ಜಗುಲಿಯಲ್ಲಿ ಕುಳಿತು ಅಜ್ಜಿಯ ಜೊತೆ ಹಿತಕಿದ ಅವರೆಬೇಳೆ ಮಾಡಿದ ಎರಡು ಗಂಟೆಯಲ್ಲಿ ನಮ್ಮ ಬ್ರೆಜಿಲಿನ ಹುಡುಗ ಕಲಿತಷ್ಟು ಕನ್ನಡವನ್ನು, ನಾನು ಹೇಳಿಕೊಟ್ಟ ಒಂದು ತಿಂಗಳ ಪಾಠದಲ್ಲಿ ಕಲಿತಿರಲಿಲ್ಲ. ಇಬ್ಬರಿಗೂ ಕೈಗೆ ಕೆಲಸವಿತ್ತು, ಒಬ್ಬರ ಮುಖ ಒಬ್ಬರು ನೋಡುತ್ತ ಮಾತು ಹುಡುಕಬೇಕಾಗಿರಲಿಲ್ಲ.

ಊಟ

ಮೊದಲು ಅಲರ್ಜಿಯನ್ನು ಕೇಳಿ ತಿಳಿಯಿರಿ, ಅದನ್ನು ಲಘುವಾಗಿ ಕಾಣಬೇಡಿ. ಕಡಲೆಕಾಯಿ ನಮ್ಮ ಚಿತ್ರಾನ್ನದಲ್ಲಿ, ಚಟ್ನಿಪುಡಿಯಲ್ಲಿ, ಕೆಲವರ ಮನೆಯ ಎಣ್ಣೆಯಲ್ಲಿಯೂ ಇರುತ್ತದೆ. ಗೋಡಂಬಿ ಪಾಯಸದಲ್ಲಿ, ಕೇಸರಿಬಾತಿನಲ್ಲಿ, ಹೋಟೆಲಿನ ಗ್ರೇವಿಗಳಲ್ಲಿ ಕಾಣದಂತೆ ಸೇರಿರುತ್ತದೆ. ಅಂತಹ ಅಲರ್ಜಿ ಇರುವ ಮಗುವಾದರೆ ಪಕ್ಕದ ಮನೆಯವರಿಗೂ, ಕಾಲೇಜಿನ ಸ್ನೇಹಿತರಿಗೂ ತಿಳಿಸಿರಬೇಕು.

ಮೊದಲ ವಾರ ಕಾಯಿಸಿ ಆರಿಸಿದ ಅಥವಾ ಫಿಲ್ಟರಿನ ನೀರು, ಬಿಸಿಯಾದ ಅಡುಗೆ, ಸಿಪ್ಪೆ ಸುಲಿದು ತಿನ್ನುವ ಹಣ್ಣು ಇಷ್ಟಕ್ಕೆ ಸೀಮಿತವಾಗಿರಲಿ. ಕೋಸಂಬರಿ, ಬೀದಿಬದಿಯ ಪಾನಿಪುರಿ, ಐಸು ಹಾಕಿದ ಕಬ್ಬಿನ ಹಾಲು ಸ್ವಲ್ಪ ದಿನ ಕಾಯಬಹುದು. ಹೊಟ್ಟೆ ಕೆಟ್ಟರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವ ಅಳತೆಯ ನೀರಿನಲ್ಲೇ ಕದಡಿ ಕುಡಿಸಿ. ಜ್ವರ ಬಂದರೆ ಅಥವಾ ಎರಡು ದಿನವಾದರೂ ಇಳಿಯದಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿಗೆ ಹೋಗಿ.

ಖಾರದ ವಿಷಯದಲ್ಲಿ ಬೇರೆ ಅಡುಗೆ ಮಾಡುವ ಅಗತ್ಯವಿಲ್ಲ. ಇಡ್ಲಿ, ದೋಸೆ, ಅಕ್ಕಿರೊಟ್ಟಿ, ಶ್ಯಾವಿಗೆ ಉಪ್ಪಿಟ್ಟು ಇವೆಲ್ಲ ಬೇಗ ಒಗ್ಗುತ್ತವೆ, ಹುಳಿ ಸಾರುಗಳಿಗೆ ಪುಡಿ ಹಾಕುವ ಮೊದಲು ಒಂದು ಸೌಟು ಬೇಳೆಕಟ್ಟನ್ನು ತೆಗೆದಿಟ್ಟರೆ ಮುಗಿಯಿತು. ತುಪ್ಪ, ಮೊಸರು ಪಕ್ಕದಲ್ಲಿರಲಿ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ತೋರಿಸಿಕೊಡಿ, ಆದರೆ ಬಲವಂತ ಬೇಡ. ಚಮಚ ಕೇಳಿದರೆ ಕೊಡಿ. ಕೈಯಲ್ಲಿ ತಿನ್ನುವುದನ್ನು ಅವರಾಗಿಯೇ ಕಲಿಯುತ್ತಾರೆ. ಎಡಗೈಯನ್ನು ಏಕೆ ಬಳಸುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿರಿ, ಎಡಚರಾದ ಮಕ್ಕಳಿಗೆ ಅದು ನಿಜವಾದ ತೊಂದರೆ.

ಬಡಿಸುವ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಒಂದು ಸಲ ಬೇಡವೆನ್ನುವುದು ಮರ್ಯಾದೆ, ಎರಡನೆಯ ಸಲ ಬೇಡವೆನ್ನುವುದು ಸಂಕೋಚ, ಮೂರನೆಯ ಸಲಕ್ಕೆ ಅದು ನಿಜ. ಉತ್ತರ ಯುರೋಪಿನ ಅನೇಕ ಮನೆಗಳಲ್ಲಿ ಬೇಡ ಎಂದರೆ ಮೊದಲ ಸಲಕ್ಕೇ ಬೇಡ, ಬೇಕು ಎಂದರೆ ಮೊದಲ ಸಲಕ್ಕೇ ಬೇಕು. ಹೀಗಾಗಿ ‘ಸಾಕು’ ಎಂದ ಮೇಲೂ ಬಡಿಸಿದರೆ ತನ್ನ ಮಾತಿಗೆ ಬೆಲೆಯಿಲ್ಲವೆಂದು ಆ ಮಗುವಿಗೆ ಅನ್ನಿಸುತ್ತದೆ. ಅತ್ತ ನಮ್ಮ ಮಗಳು ಅವರ ದೇಶಕ್ಕೆ ಹೋಗಿ ಮೊದಲ ಸಲ ಬೇಡವೆಂದರೆ ಹಸಿದುಕೊಂಡೇ ಮಲಗಬೇಕಾಗುತ್ತದೆ. ‘ಸಾಕು’ ಎಂಬ ಪದವನ್ನು ಮೊದಲ ದಿನವೇ ಕಲಿಸಿ, ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನೂ ತೋರಿಸಿ, ನಂತರ ಮನೆಯವರೆಲ್ಲ ಆ ಪದಕ್ಕೆ ಬದ್ಧರಾಗಿರಿ. ಅಜ್ಜಿಯನ್ನು ಒಪ್ಪಿಸಲು ನಮಗೆ ಒಂದು ತಿಂಗಳು ಬೇಕಾಯಿತು.

ಮಾತು ಮತ್ತು ಮೌನ

ಮನೆಯಲ್ಲಿ ಇಂಗ್ಲಿಷನ್ನೇ ಆಡುತ್ತಿದ್ದರೆ ವಿದ್ಯಾರ್ಥಿಗೆ ಸುಲಭವಾಗುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಆ ಸುಲಭ ಹೆಚ್ಚು ದಿನ ಬಾಳುವುದಿಲ್ಲ. ಮೊದಲ ತಿಂಗಳು ಅಗತ್ಯದ ವಿಷಯಗಳನ್ನು ಇಂಗ್ಲಿಷಿನಲ್ಲಿ ಹೇಳಿ, ಉಳಿದದ್ದು ಎಂದಿನ ಕನ್ನಡದಲ್ಲೇ ಸಾಗಲಿ. ಅವರ ಮುಂದೆ ನಡೆದ ಮಾತಿನ ಸಾರವನ್ನು ಎರಡು ವಾಕ್ಯದಲ್ಲಿ ಹೇಳುವ ರೂಢಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಗು ಬಂದಾಗಲೆಲ್ಲ ತನ್ನನ್ನು ಕುರಿತೇ ನಗುತ್ತಿದ್ದಾರೆಂದು ಭಾವಿಸುತ್ತಾರೆ. ಬೀದಿಯಲ್ಲಿ, ಅಂಗಡಿಯಲ್ಲಿ ಬಳಸಲು ‘ಎಷ್ಟು’, ‘ಬೇಡ’, ‘ಇಲ್ಲೇ ನಿಲ್ಲಿಸಿ’ ಎಂಬಂಥವನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಅವರಿಂದಲೇ ಆಡಿಸಿ.

ಕೆಲವು ಮಾತುಗಳಿಗೆ ಮಾತ್ರ ವಿವರಣೆ ಬೇಕು. ‘ಊಟ ಆಯ್ತಾ?’ ಎಂಬುದು ಎಷ್ಟೋ ಸಲ ಊಟಕ್ಕೆ ಕರೆಯುವುದಲ್ಲ, ಕುಶಲ ವಿಚಾರಿಸುವುದು. ಮನೆ ಬಿಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನಬೇಕು. ತಲೆಯನ್ನು ಅತ್ತಿತ್ತ ಆಡಿಸಿದರೆ ಇಲ್ಲವೆಂದೇ ಅರ್ಥವಲ್ಲ. ಎಲ್ಲಕ್ಕಿಂತ ಹೆಚ್ಚು ತೊಡಕು ಮಾಡುವುದು ನಮ್ಮ ‘ನೋಡೋಣ’. ಗೆಳೆಯರೊಡನೆ ಊಟಿಗೆ ಹೋಗಬಹುದೇ ಎಂದು ನಮ್ಮ ಜರ್ಮನಿಯ ಹುಡುಗಿ ಕೇಳಿದಾಗ ನಾನು ‘ನೋಡೋಣ’ ಎಂದೆ. ನನ್ನ ಮಟ್ಟಿಗೆ ಅದು ಆಗುವುದಿಲ್ಲವೆಂಬ ಮೃದುವಾದ ಉತ್ತರ. ಅವಳು ಅದನ್ನು ಅರ್ಧ ಒಪ್ಪಿಗೆಯೆಂದು ತಿಳಿದು ಶನಿವಾರ ಬೆಳಿಗ್ಗೆ ಚೀಲ ಕಟ್ಟಿಕೊಂಡು ಬಂದು ನಿಂತಳು. ಆಗ ಇಲ್ಲವೆಂದದ್ದು ಮೊದಲೇ ಇಲ್ಲವೆನ್ನುವುದಕ್ಕಿಂತ ಹೆಚ್ಚು ನೋವುಂಟುಮಾಡಿತು. ಇಲ್ಲ ಎನ್ನಬೇಕಾದಾಗ ಕಾರಣ ಸಹಿತ ಇಲ್ಲ ಎನ್ನಿ. ಅದು ಒರಟುತನವಲ್ಲ.

ಹಾಗೆಯೇ ಅವರ ಕಡೆಯಿಂದ ನಮಗೆ ತಪ್ಪಾಗಿ ಕಾಣುವುದು ಎರಡು. ಒಂದು, ಮಾತುಮಾತಿಗೆ ಹೇಳುವ ಥ್ಯಾಂಕ್ಸ್. ನೀರು ಕೊಟ್ಟರೂ, ತಟ್ಟೆ ಇಟ್ಟರೂ ಥ್ಯಾಂಕ್ಸ್ ಎಂದರೆ ನಮ್ಮ ಹಿರಿಯರಿಗೆ ಪರಕೀಯತನ ಕಾಣುತ್ತದೆ. ಅವರ ಮನೆಗಳಲ್ಲಿ ತಾಯಿಗೂ ಹಾಗೆ ಹೇಳುತ್ತಾರೆಂದು ಅಜ್ಜಿಗೆ ತಿಳಿಸಿ. ಇನ್ನೊಂದು, ಮುಚ್ಚಿದ ಬಾಗಿಲು. ನಮ್ಮಲ್ಲಿ ಹಗಲಿನಲ್ಲಿ ಬಾಗಿಲು ಹಾಕಿಕೊಂಡವರು ಸಿಟ್ಟಾಗಿದ್ದಾರೆ ಅಥವಾ ಹುಷಾರಿಲ್ಲ ಎಂದು ಅರ್ಥ, ಅವರಲ್ಲಿ ಅದು ದಿನದ ಒಂದು ಗಂಟೆಯ ವಿಶ್ರಾಂತಿ. ಹತ್ತು ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿ ‘ಏನಾಯ್ತು ಮಗಾ’ ಎಂದು ಕೇಳಬೇಡಿ.

ಮನೆಯ ನೆನಪು ಕಾಡುವುದು ಸಾಮಾನ್ಯವಾಗಿ ಮೊದಲ ವಾರದಲ್ಲಲ್ಲ, ಹೊಸತನ ಕಳೆದು ಎರಡನೆಯ ಮೂರನೆಯ ತಿಂಗಳಿಗೆ. ಯುರೋಪಿನ ಮಕ್ಕಳಿಗೆ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹತ್ತಿರವಾದಾಗ ಇನ್ನೊಮ್ಮೆ. ಊಟ ಕಡಿಮೆಯಾಗುತ್ತದೆ, ಫೋನು ಹೆಚ್ಚಾಗುತ್ತದೆ. ಹೆತ್ತವರೊಡನೆ ವಾರಕ್ಕೊಮ್ಮೆ ನಿಗದಿಯಾದ ಹೊತ್ತಿನಲ್ಲಿ ಮಾತನಾಡುವುದು ದಿನವೂ ಮೂರು ಗಂಟೆ ಮಾತನಾಡುವುದಕ್ಕಿಂತ ಒಳ್ಳೆಯದೆಂದು ನನ್ನ ಅನುಭವ, ಆದರೆ ಫೋನನ್ನು ಕಿತ್ತಿಟ್ಟುಕೊಳ್ಳುವುದು ಎಂದಿಗೂ ಮಾರ್ಗವಲ್ಲ. ಆ ವಾರಗಳಲ್ಲಿ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಜೊತೆಯಲ್ಲಿ ನಡೆಯಿರಿ. ಮಾತನಾಡಲೇಬೇಕೆಂದಿಲ್ಲ.

ನೆಂಟರು, ಹಬ್ಬ, ದೇವಸ್ಥಾನ

ವಿದ್ಯಾರ್ಥಿಯನ್ನು ಮದುವೆಮನೆಗೆ ಕರೆದುಕೊಂಡು ಹೋಗುವುದು ತಪ್ಪಲ್ಲ, ಅವನನ್ನು ನೋಟದ ವಸ್ತುವಾಗಿಸುವುದು ತಪ್ಪು. ಛತ್ರದಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವಾಗ ಅದನ್ನು ತಡೆಯಬೇಕಾದವರು ನೀವು, ಏಕೆಂದರೆ ಆ ಮಗುವಿಗೆ ಇಲ್ಲವೆನ್ನುವುದು ಹೇಗೆಂದು ತಿಳಿಯದು. ‘ಎಷ್ಟು ಬೆಳ್ಳಗಿದ್ದಾಳೆ’ ಎಂಬ ಹೊಗಳಿಕೆಯನ್ನು ನಿಮ್ಮ ಮಗಳೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಕಪ್ಪು ಬಣ್ಣದ ವಿದ್ಯಾರ್ಥಿ ಬಂದರೆ ಅದೇ ನೆಂಟರು ಏನನ್ನುತ್ತಾರೆಂಬುದನ್ನು ಮೊದಲೇ ಯೋಚಿಸಿ, ಬೇಕಾದವರಿಗೆ ಮೊದಲೇ ಹೇಳಿಡಿ. ಹೆತ್ತವರ ವಿಚ್ಛೇದನ, ಧರ್ಮ, ಸಂಬಳ ಇವುಗಳ ಬಗ್ಗೆ ಪ್ರಶ್ನೆಗಳು ಬಂದೇ ಬರುತ್ತವೆ. ಉತ್ತರಿಸಬೇಕಾದ ಬಾಧ್ಯತೆ ಇಲ್ಲವೆಂದು ವಿದ್ಯಾರ್ಥಿಗೂ ತಿಳಿಸಿ.

ದೇವಸ್ಥಾನಕ್ಕೆ ಹೋಗುವ ಮೊದಲು ಅಲ್ಲಿಯ ನಿಯಮ ಹೇಳಿ, ಬರುವುದೋ ಬಿಡುವುದೋ ಅವರಿಗೇ ಬಿಡಿ. ಉಡುಪಿ, ಧರ್ಮಸ್ಥಳಗಳಲ್ಲಿ ದರ್ಶನಕ್ಕೆ ಗಂಡಸರು ಅಂಗಿ ಕಳಚಬೇಕು ಎಂಬುದು ಅಲ್ಲಿಯ ಬಾಗಿಲಲ್ಲಿ ತಿಳಿದರೆ ಹುಡುಗನಿಗೆ ಮುಜುಗರ. ಕುಂಕುಮ, ತೀರ್ಥ, ಪ್ರಸಾದ ಯಾವುದನ್ನೂ ಒತ್ತಾಯಿಸಬೇಡಿ. ಹಬ್ಬದ ದಿನ ಬರೀ ಕೂರಿಸಿ ತೋರಿಸುವುದಕ್ಕಿಂತ ಕೆಲಸಕ್ಕೆ ಹಚ್ಚಿ: ಯುಗಾದಿಗೆ ಮಾವಿನ ತೋರಣ ಕಟ್ಟಲಿ, ದಸರೆಗೆ ಬೊಂಬೆ ಜೋಡಿಸಲಿ, ಸಂಕ್ರಾಂತಿಗೆ ಎಳ್ಳು ಬೀರಲು ನಿಮ್ಮ ಮಗಳ ಜೊತೆ ಮನೆಮನೆಗೆ ಹೋಗಲಿ.

ಸುರಕ್ಷತೆ

ಮನೆಯವರಲ್ಲದ ಒಬ್ಬ ಹಿರಿಯರು ಆ ವಿದ್ಯಾರ್ಥಿಗೆ ಇರಬೇಕು, ಸಂಸ್ಥೆಯೇ ಅಂಥವರನ್ನು ಕೌನ್ಸೆಲರ್ ಎಂದು ನೇಮಿಸುತ್ತದೆ. ಅವರೊಡನೆ ವಿದ್ಯಾರ್ಥಿ ಒಬ್ಬಂಟಿಯಾಗಿ ಮಾತನಾಡಲು ಅವಕಾಶವಿರಲಿ, ಏನು ಮಾತನಾಡಿದೆ ಎಂದು ವಿಚಾರಿಸಬೇಡಿ. ಮನೆಗೆ ಬಂದುಹೋಗುವ ಗಂಡಸರು, ಅವರು ಎಷ್ಟೇ ಆಪ್ತರಾಗಿರಲಿ, ಆ ಹುಡುಗಿ ಅಥವಾ ಹುಡುಗನೊಡನೆ ಮುಚ್ಚಿದ ಕೋಣೆಯಲ್ಲಿ ಇರಕೂಡದು. ಮೈಮುಟ್ಟಿ ತೊಂದರೆ ಕೊಟ್ಟವರ ಬಗ್ಗೆ ಹೇಳಿದರೆ ಮೊದಲು ನಂಬಿ, ಆಮೇಲೆ ವಿಚಾರಿಸಿ, ಅಂದೇ ಸಂಸ್ಥೆಗೆ ತಿಳಿಸಿ. ಮನೆಯ ಮಾನದ ಮಾತು ಅಲ್ಲಿ ಬರಬಾರದು. ತುರ್ತು ಕರೆ 112, ಮಕ್ಕಳ ಸಹಾಯವಾಣಿ 1098 ಎರಡನ್ನೂ ಅವರ ಫೋನಿನಲ್ಲಿ ಉಳಿಸಿಕೊಡಿ.

ಬೀದಿನಾಯಿಗಳನ್ನು ಕಂಡರೆ ಮುದ್ದಿಸಲು ಹೋಗುವ ಮಕ್ಕಳಿದ್ದಾರೆ, ಏಕೆಂದರೆ ಪಶ್ಚಿಮ ಯುರೋಪಿನ ಅನೇಕ ದೇಶಗಳಲ್ಲಿ ನಾಯಿಗಳಿಂದ ಹರಡುವ ರೇಬೀಸ್ ಈಗಿಲ್ಲ. ಇಲ್ಲಿ ಮುಟ್ಟಕೂಡದೆಂದು ಮೊದಲೇ ಹೇಳಿ, ಬೆಟ್ಟದ ಕೋತಿಗಳಿಗೂ ಇದು ಅನ್ವಯಿಸುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಆರಂಭಿಸಬೇಕು.

ಹಣದ ವಿಷಯ ಬೇಗ ಮುಗಿಯುತ್ತದೆ: ಮನೆಯ ಊಟ, ಮನೆಯವರೊಡನೆ ಹೋದ ಸಣ್ಣ ಪ್ರವಾಸ ನಿಮ್ಮದು; ಫೋನು, ಬಟ್ಟೆ, ಸ್ನೇಹಿತರೊಡನೆ ತಿರುಗಾಟ ಅವರದು. ಸಾಲ ಕೊಡಬೇಡಿ, ತೆಗೆದುಕೊಳ್ಳಲೂ ಬೇಡಿ.

ಹೊಂದಿಕೆಯಾಗದಿದ್ದರೆ

ಬೇಸರವಾದದ್ದನ್ನು ಮೂರು ದಿನದೊಳಗೆ, ನೇರವಾಗಿ, ಬೇರೆಯವರಿಲ್ಲದಾಗ ಹೇಳಿ. ಪಕ್ಕದ ಮನೆಯವರ ಮೂಲಕ ಕಿವಿಗೆ ಬೀಳಲಿ ಎಂದು ಕಾಯಬೇಡಿ, ಮುಖ ಊದಿಸಿಕೊಂಡರೆ ತಾನಾಗಿ ಅರ್ಥವಾಗುತ್ತದೆಂದೂ ತಿಳಿಯಬೇಡಿ. ನಿಮ್ಮ ಮೌನವನ್ನು ಓದುವ ವಿದ್ಯೆ ಅವರಿಗೆ ಇನ್ನೂ ಬಂದಿಲ್ಲ. ಮಾತನಾಡಿದ ಮೇಲೂ ಸರಿಹೋಗದಿದ್ದರೆ ಕೌನ್ಸೆಲರನ್ನು ಸೇರಿಸಿಕೊಂಡು ಮಾತನಾಡಿ. ಆಮೇಲೂ ಆಗದಿದ್ದರೆ ಕುಟುಂಬ ಬದಲಾಯಿಸುವುದು ಆ ಮಗುವಿನ ಸೋಲೂ ಅಲ್ಲ, ನಿಮ್ಮ ಮನೆಗೆ ಬಂದ ಅಪವಾದವೂ ಅಲ್ಲ. ಹಾಗೆ ಹೋದ ಮಗುವನ್ನು ಮುಂದಿನ ಹಬ್ಬಕ್ಕೆ ಊಟಕ್ಕೆ ಕರೆಯಿರಿ.

ಹೊರಡುವ ತಿಂಗಳು

ಕೊನೆಯ ತಿಂಗಳಿನಲ್ಲಿ ಕೊಡುಗೆಗಳು ತುಂಬಿಹೋಗುತ್ತವೆ, ಆದರೆ ಅನೇಕ ವಿಮಾನಗಳಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಾತ್ರ. ನೆಂಟರಿಗೆಲ್ಲ ಮುಂಚೆಯೇ ಹೇಳಿ: ಹಿತ್ತಾಳೆ ದೀಪ ಬೇಡ, ಕೈಬರಹದ ಕಾಗದ ಇರಲಿ. ಸಾರಿನಪುಡಿ ಕಳುಹಿಸುವುದಾದರೆ ಗಟ್ಟಿ ಪ್ಯಾಕು ಮಾಡಿ ಹೆಸರು ಬರೆಯಿರಿ. ತುಪ್ಪ, ಹಾಲಿನ ಸಿಹಿಗಳನ್ನು ಯುರೋಪಿನ ಒಕ್ಕೂಟದ ದೇಶಗಳು ಪ್ರಯಾಣಿಕರ ಸಾಮಾನಿನಲ್ಲಿ ಒಳಗೆ ಬಿಡುವುದಿಲ್ಲವಾದ್ದರಿಂದ ಮೈಸೂರು ಪಾಕನ್ನು ಇಲ್ಲೇ ತಿನ್ನಿಸಿ ಕಳುಹಿಸಿ. ವಿದ್ಯಾರ್ಥಿ ಹೊರಟುಹೋದದ್ದನ್ನು ವಲಸೆ ಇಲಾಖೆಯ ಜಾಲತಾಣದಲ್ಲಿ ದಾಖಲಿಸಿ, ಕಾಗದಗಳ ಪ್ರತಿಗಳನ್ನು ಒಂದೆರಡು ವರ್ಷ ಇಟ್ಟುಕೊಳ್ಳಿ. ನಿಮ್ಮ ಕಿರಿಯ ಮಗು ಇದ್ದರೆ ಅದರ ಕಡೆಗೆ ಗಮನವಿರಲಿ. ಅಕ್ಕನೋ ಅಣ್ಣನೋ ಇದ್ದಕ್ಕಿದ್ದಂತೆ ಇಲ್ಲವಾದದ್ದು ಎಲ್ಲರಿಗಿಂತ ಹೆಚ್ಚು ತಟ್ಟುವುದು ಅದಕ್ಕೆ.

ಮೈಸೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನ ಸಂಚಾರವನ್ನೂ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಬೇಕು. ಕಾರಿನಲ್ಲಿ ಎಲ್ಲರಿಗೂ ಜಾಗವಿಲ್ಲದಿದ್ದರೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಟಿಕೆಟ್ ಇಲ್ಲದವರನ್ನು ನಿಲ್ದಾಣದ ಕಟ್ಟಡದೊಳಗೆ ಬಿಡುವುದಿಲ್ಲ, ಬಾಗಿಲ ಬಳಿ ನಿಲ್ಲಲೂ ಹೆಚ್ಚು ಹೊತ್ತು ಸಿಗುವುದಿಲ್ಲ. ಆದುದರಿಂದ ಬೀಳ್ಕೊಡುವುದನ್ನು ಮನೆಯಲ್ಲಿಯೇ, ಅಜ್ಜಿಯ ಎದುರಿಗೆ, ಹೊರಡುವ ಒಂದು ಗಂಟೆ ಮೊದಲು ಮಾಡಿ ಮುಗಿಸಿ.